ಧೋಬಿ ಪಛಾಡ್ : ಒಂದು ಕುಸ್ತಿ ಪಟ್ಟಿನ ಹೆಸರಿನ ಚರಿತ್ರೆ

ನಮ್ಮ ಸಂಘದ ಬೆಳ್ಳಿಹಬ್ಬದ ಸ್ಮರಣ ಸಂಚಿಕೆಗೆ ನಿರ್ದೇಶಕರೆಲ್ಲರೂ ಒಂದೊಂದು ಲೇಖನ ಬರೆದುಕೊಡಬೇಕೆಂದು ಆಡಳಿತ ಮಂಡಳಿಯ ಸಭೆಯಲ್ಲಿ ಠರಾವು ಆದಾಗ ನಾನು ತಲೆ ಕೆಳಗೆ ಹಾಕಿ ಕುಳಿತಿದ್ದೆ. ಒಬ್ಬರು ಸಂಘದ ಬೆಳವಣಿಗೆ ಬರೆಯುತ್ತೇನೆಂದರು. ಇನ್ನೊಬ್ಬರು 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ ಕಥೆ ತೆಗೆದುಕೊಂಡರು. ಬೆಳೆಸಾಲ, ಗೊಬ್ಬರ, ಮಹಿಳಾ ಸ್ವಸಹಾಯ ಗುಂಪು ಎಲ್ಲವೂ ಹಂಚಿಹೋದವು. ಕಡೆಗೆ ಕಾರ್ಯದರ್ಶಿಯವರು ನನ್ನ ಕಡೆ ತಿರುಗಿ, "ನೀವು ಗರಡಿಯೊಳಗ ಬೆಳದವ್ರು, ಕುಸ್ತಿ ಬಗ್ಗೆ ಬರೀರಿ. ಚರಿತ್ರಾ ಇರ್ಲಿ ಅದ್ರಾಗ" ಅಂದರು. ನಾನು ಎಸ್.ಎಸ್.ಎಲ್.ಸಿ. ತನಕ ಓದಿ ಒಕ್ಕಲುತನಕ್ಕೆ ಬಿದ್ದವನು. ಎರಡು ಎತ್ತು, ಐದು ಎಕರೆ ಕಬ್ಬು, ಸಂಘದ ಮೀಟಿಂಗು ಇಷ್ಟೇ ನನ್ನ ಲೋಕ. ಇಡೀ ಕುಸ್ತಿಯ ಚರಿತ್ರೆ ಬರೆಯುವ ಶಕ್ತಿ ನನಗಿಲ್ಲ. ಒಂದೇ ಒಂದು ಪಟ್ಟಿನ ಹೆಸರನ್ನು ಹಿಡಿದುಕೊಂಡು ಬರೆದಿದ್ದೇನೆ. ಅದರಲ್ಲಿ ನನ್ನದೊಂದು ಹಳೆಯ ತಪ್ಪೂ ಸೇರಿಕೊಂಡಿದೆ. ವಾಚಕರು ಸಮಾಧಾನದಿಂದ ಓದಬೇಕೆಂದು ವಿನಂತಿ.

ಆ ಪಟ್ಟಿನ ಹೆಸರು ಧೋಬಿ ಪಛಾಡ್. ಕೆಲವರು ಧೋಬಿ ಪಾಟ್ ಅಂತಲೂ ಅನ್ನುತ್ತಾರೆ. ನಮ್ಮ ಕಡೆಯ ಹಳಬರು ಬರೇ "ಧೋಬಿ" ಅಂತ ಅಂದುಬಿಡುತ್ತಾರೆ, "ಧೋಬಿ ಹಾಕಿದ", "ಧೋಬಿ ತಪ್ಪಿಸಿಕೊಂಡ" ಹೀಗೆ. ಜಾತ್ರೆ ಕುಸ್ತಿ ನೋಡಿದವರಿಗೆ ಹೆಸರು ಗೊತ್ತಿಲ್ಲದಿದ್ದರೂ ಪಟ್ಟು ಗೊತ್ತಿರುತ್ತದೆ. ಇಬ್ಬರೂ ನಿಂತಿರುತ್ತಾರೆ. ಒಬ್ಬನು ಎದುರಾಳಿಯ ಒಂದು ಕೈಯನ್ನು ಎರಡೂ ಕೈಯಿಂದ ಹಿಡಿಯುತ್ತಾನೆ, ಒಂದು ಹಿಡಿತ ಮಣಿಕಟ್ಟಿನ ಹತ್ತಿರ, ಇನ್ನೊಂದು ರಟ್ಟೆಯ ಹತ್ತಿರ. ಕಣ್ಣು ಮುಚ್ಚಿ ತೆರೆಯುವುದರೊಳಗೆ ತಿರುಗಿ ತನ್ನ ಬೆನ್ನನ್ನು ಎದುರಾಳಿಯ ಎದೆಗೆ ಹಚ್ಚುತ್ತಾನೆ. ಮೊಣಕಾಲು ಮಡಚಿ ತನ್ನ ಟೊಂಕವನ್ನು ಅವನ ಟೊಂಕಕ್ಕಿಂತ ಕೆಳಗೆ ತರುತ್ತಾನೆ. ಹಿಡಿದ ಕೈಯನ್ನು ಹೆಗಲ ಮೇಲಿಂದ ಮುಂದಕ್ಕೆ ಎಳೆದು ಬಾಗಿದನೆಂದರೆ ಎದುರಾಳಿ ಹೆಗಲ ಮೇಲಿಂದ ಹಾರಿ ಬೆನ್ನಾಗಿ ಮಣ್ಣಿಗೆ ಬೀಳುತ್ತಾನೆ. ಅಲ್ಲಿಗೆ ಚಿತ್. ಹಲಗಿ ಬಾರಿಸುವವನಿಗೂ ಕೈ ಸಾಲುವುದಿಲ್ಲ, ಅಷ್ಟು ಬೇಗ ಮುಗಿಯುತ್ತದೆ.

ಅಗಸರು ಹಳ್ಳದ ದಂಡೆಯಲ್ಲಿ ಅರಿವೆ ಒಗೆಯುವುದನ್ನು ನೋಡಿದವರಿಗೆ ಈ ಹೆಸರು ಯಾಕೆ ಬಂತೆಂದು ಬಿಡಿಸಿ ಹೇಳಬೇಕಾಗಿಲ್ಲ. ಒದ್ದೆ ಅರಿವೆಯ ಒಂದು ತುದಿ ಎರಡೂ ಕೈಯಲ್ಲಿ ಹಿಡಿದು, ಹೆಗಲ ಮೇಲಿಂದ ಹಿಂದಕ್ಕೆ ಬೀಸಿ, ಟೊಂಕ ಬಾಗಿಸಿ ಎದುರಿಗಿನ ಕಲ್ಲಿಗೆ ಅಪ್ಪಳಿಸುವುದು. ಅರಿವೆ ಇದ್ದ ಜಾಗದಲ್ಲಿ ಮನುಷ್ಯನನ್ನು ಇಟ್ಟರೆ ಅದೇ ಧೋಬಿ ಪಛಾಡ್. ಹಿಂದಿಯಲ್ಲಿ ಪಛಾಡ್‌ನಾ ಎಂಬ ಮಾತಿಗೆ ಎರಡು ಅರ್ಥವಿದೆ. ಕುಸ್ತಿಯಲ್ಲಿ ಕೆಡವುವುದು ಒಂದು, ಅರಿವೆಯನ್ನು ಕಲ್ಲಿಗೆ ಬಡಿದು ತೊಳೆಯುವುದು ಇನ್ನೊಂದು. ಧೋಬಿ ಪಾಟ್ ಅನ್ನುವ ಹೆಸರಿನಲ್ಲಿ ಪಾಟ್ ಅಂದರೆ ಅಗಸನ ಒಗೆಯುವ ಕಲ್ಲು ಅಥವಾ ಹಲಗೆ.

ಇಲ್ಲಿ ನನಗೆ ಬಹಳ ಖುಷಿ ಕೊಟ್ಟ ಒಂದು ಸಂಗತಿ ಹೇಳುತ್ತೇನೆ. ಹಿಂದಿಯವರಿಗೆ ಎಷ್ಟೋ, ನಮ್ಮ ಕಡೆಯ ಕನ್ನಡಕ್ಕೂ ಅಷ್ಟೇ. ಮೈಸೂರು ಕಡೆಯವರು ಒಗೆ ಅಂದರೆ ಬಟ್ಟೆ ತೊಳೆಯುವುದು ಎಂದೇ ತಿಳಿಯುತ್ತಾರೆ. ನಾವು ಉತ್ತರ ಕರ್ನಾಟಕದವರು "ಕಲ್ಲು ಒಗದಾ", "ಚೀಟಿ ಒಗದಬಿಡು" ಅನ್ನುತ್ತೇವೆ, ಅಂದರೆ ಎಸೆಯುವುದು. "ಅರಿವಿ ಒಗದಳು" ಅಂತಲೂ ಅನ್ನುತ್ತೇವೆ. ಎಸೆತ, ತೊಳೆತ ಎರಡಕ್ಕೂ ನಮ್ಮ ಬಾಯಲ್ಲಿ ಒಂದೇ ಶಬ್ದ. ಮೈಸೂರು ಕಡೆಯಿಂದ ಬಂದ ಒಬ್ಬ ಮಾಸ್ತರರು ನಮ್ಮ ಶಾಲೆಯಲ್ಲಿ ಇದ್ದರು. "ಸರ, ಅಂವ ನನ್ನ ಪಾಟಿ ಒಗದಾನ್ರಿ" ಅಂತ ಹುಡುಗ ದೂರು ಕೊಟ್ಟರೆ, "ಒಳ್ಳೆಯದಾಯಿತಲ್ಲ, ಸ್ವಚ್ಛ ಆಗಿರುತ್ತೆ" ಅಂದಿದ್ದರು. ಹಾಗಾಗಿ ಕುಸ್ತಿ ಕಣದಲ್ಲಿ ಮಂದಿ "ಒಗದಾ, ಒಗದಾ!" ಅಂತ ಕೂಗಿದಾಗ ಎರಡೂ ಅರ್ಥ ಒಮ್ಮೆಲೇ ಹೊರಡುತ್ತವೆ.

ಪಟ್ಟು ಅನ್ನುವ ಮಾತನ್ನೂ ಸ್ವಲ್ಪ ನೋಡೋಣ. ತೆಲುಗಿನಲ್ಲಿ ಪಟ್ಟು ಅಂದರೆ ಹಿಡಿ, ಹಿಡಿತ. ತಮಿಳಿನಲ್ಲಿ ಪಟ್ರು. ನಮ್ಮ ಹಳಗನ್ನಡದ ಪತ್ತು ಎಂಬುದು ಈಗ ಹತ್ತು ಆಗಿದೆ, ಅಂಟು ಹತ್ತಿತು, ಬೆಂಕಿ ಹತ್ತಿತು ಅನ್ನುತ್ತೇವಲ್ಲ ಅದು. ಇವೆಲ್ಲ ಒಂದೇ ಬೇರಿನ ಮಾತುಗಳು. ಗರಡಿಯಿಂದ ಹೊರಗೆ ಬಂದ ಪಟ್ಟು ಈಗ ಎಲ್ಲ ಕಡೆ ಇದೆ. ಪಟ್ಟು ಹಿಡಿದು ಕೂತ, ಪಟ್ಟು ಸಡಿಲಿಸಿದ, ಬಿಗಿಪಟ್ಟು ಎಂದು ಪತ್ರಿಕೆಗಳು ದಿನಾ ಬರೆಯುತ್ತವೆ. ನಮ್ಮ ಮಹಾಸಭೆಯಲ್ಲಿ ಡಿವಿಡೆಂಡಿನ ಸಲುವಾಗಿ ಸದಸ್ಯರು ಹಿಡಿಯುವುದೂ ಅದೇ ಪಟ್ಟು. ಸಾಲ ಎರಡು ಪಟ್ಟು ಆಯಿತು ಅನ್ನುವಾಗಿನ ಪಟ್ಟು ಮಾತ್ರ ಲೆಕ್ಕದ್ದು, ಆದರೂ ತೀರಿಸುವವನಿಗೆ ಅದೂ ಕುತ್ತಿಗೆ ಪಟ್ಟೇ.

ಇದೇ ಪಟ್ಟು ಬೇರೆ ದೇಶಗಳಲ್ಲೂ ಇದೆ. ಮನುಷ್ಯನ ಮೈ ಎಲ್ಲ ಕಡೆ ಒಂದೇ ರೀತಿ ಇರುವುದರಿಂದ ಇದರಲ್ಲಿ ಆಶ್ಚರ್ಯವೇನಿಲ್ಲ. ಈಜಿಪ್ಟ್ ದೇಶದ ಬೆನಿ ಹಸನ್ ಎಂಬಲ್ಲಿ ಸುಮಾರು 4000 ವರ್ಷದ ಹಿಂದಿನ ಸಮಾಧಿಗಳ ಗೋಡೆಯ ಮೇಲೆ ಕುಸ್ತಿ ಹಿಡಿಯುವ ಜೋಡಿಗಳನ್ನು ಸಾಲುಸಾಲಾಗಿ ಬರೆದಿದ್ದಾರೆ. ಒಂದೇ ಗೋಡೆಯ ಮೇಲೆ ಇನ್ನೂರಕ್ಕೂ ಹೆಚ್ಚು ಜೋಡಿಗಳಿವೆ. ಜಪಾನಿನಲ್ಲಿ ಜಿಗೊರೊ ಕಾನೊ ಎಂಬುವರು 1882ರಲ್ಲಿ ಜೂಡೊ ಎಂಬ ಪದ್ಧತಿ ಸ್ಥಾಪಿಸಿದರು. ಅದರಲ್ಲಿ ಹೆಗಲ ಮೇಲಿನ ಈ ಒಗೆತಕ್ಕೆ ಸಿಯೊಯಿ ನಾಗೆ ಎಂದು ಹೆಸರು. ಸಿಯೊಯಿ ಅಂದರೆ ಬೆನ್ನ ಮೇಲೆ ಹೊರುವುದು, ನಾಗೆ ಅಂದರೆ ಎಸೆತ. ಇಂಗ್ಲೀಷರು ಇದನ್ನು ಫ್ಲೈಯಿಂಗ್ ಮೇರ್ ಅನ್ನುತ್ತಾರೆ, ಅಂದರೆ ಹಾರುವ ಹೆಣ್ಣುಕುದುರೆ. ಜಪಾನಿನವನಿಗೆ ಬೆನ್ನ ಮೇಲಿನ ಹೊರೆ ಕಂಡಿತು, ಇಂಗ್ಲೀಷಿನವನಿಗೆ ಕುದುರೆ ಕಂಡಿತು. ನಮ್ಮವರಿಗೆ ಹಳ್ಳದ ದಂಡೆಯಲ್ಲಿ ದುಡಿಯುವ ಮನುಷ್ಯ ಕಂಡ. ಈ ಮೂರರಲ್ಲಿ ನಮ್ಮದೇ ಚಲೋ ಹೆಸರು ಅಂತ ನನ್ನ ಅಭಿಪ್ರಾಯ. ಯಾಕೆಂದರೆ ಹೆಸರಿನಲ್ಲೇ ಪಾಠ ಇದೆ, ಹೆಸರು ಕೇಳಿದ ಹುಡುಗನಿಗೆ ಅರ್ಧ ಪಟ್ಟು ಬಂದ ಹಾಗೆ. ಅದನ್ನು ಮುಂದೆ ಹೇಳುತ್ತೇನೆ.

ನಮ್ಮ ನಾಡಿನ ಕುಸ್ತಿಯ ಹಳೆಯ ದಾಖಲೆ ಕೇಳಿದರೆ ಕಲ್ಯಾಣಕ್ಕೆ ಹೋಗಬೇಕು. ಈಗಿನ ಬೀದರ ಜಿಲ್ಲೆಯ ಬಸವಕಲ್ಯಾಣ. ಅಲ್ಲಿ 1126ರಿಂದ 1138ರ ತನಕ ಆಳಿದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನು ಸಂಸ್ಕೃತದಲ್ಲಿ ಮಾನಸೋಲ್ಲಾಸ ಎಂಬ ದೊಡ್ಡ ಗ್ರಂಥ ಬರೆದ. ಐದು ಭಾಗ, ಒಂದೊಂದರಲ್ಲಿ ಇಪ್ಪತ್ತು ಅಧ್ಯಾಯ. ಅಡುಗೆಯಿಂದ ಹಿಡಿದು ಆನೆಯ ತನಕ ಅದರಲ್ಲಿ ಇಲ್ಲದ್ದಿಲ್ಲ. ಮಲ್ಲವಿನೋದ ಎಂಬ ಅಧ್ಯಾಯದಲ್ಲಿ ಪೈಲ್ವಾನರನ್ನು ವಯಸ್ಸು, ಮೈಕಟ್ಟು, ಶಕ್ತಿ ನೋಡಿ ಬೇರೆ ಬೇರೆ ದರ್ಜೆ ಮಾಡಿದ್ದಾನೆ. ಅವರು ಯಾವ ಸಾಮು ಮಾಡಬೇಕು, ಅರಮನೆಯಿಂದ ಅವರಿಗೆ ಬೇಳೆ, ಮಾಂಸ, ಹಾಲು, ಸಕ್ಕರೆ ಹೇಗೆ ಕೊಡಬೇಕು ಎಂಬುದನ್ನೂ ಬರೆದಿದ್ದಾನೆ. ಮೇಲಿನ ದರ್ಜೆಯವನಿಗೆ ಅವನು ಹೇಳುವ ಹೆಸರು ಜ್ಯೇಷ್ಠಿಕ. ಈ ಜ್ಯೇಷ್ಠಿ ಎಂಬ ಮಾತೇ ಸವೆದು ಜೆಟ್ಟಿ, ಜಟ್ಟಿ ಆಗಿದೆ. "ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ" ಅನ್ನುವ ನಮ್ಮ ಗಾದೆಯ ಜಟ್ಟಿ ಇವನೇ. ವಿಜಯನಗರಕ್ಕೆ 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್, ಕೃಷ್ಣದೇವರಾಯನು ಬೆಳಗು ಹರಿಯುವ ಮೊದಲೇ ಎಳ್ಳೆಣ್ಣೆ ಕುಡಿದು, ಮೈಗೂ ಅದೇ ಎಣ್ಣೆ ಹಚ್ಚಿಕೊಂಡು, ಭಾರ ಎತ್ತಿ, ಕತ್ತಿ ತಿರುಗಿಸಿ, ಬೆವರಿದ ಮೇಲೆ ಒಬ್ಬ ಜಟ್ಟಿಯ ಕೂಡ ಕುಸ್ತಿ ಹಿಡಿಯುತ್ತಿದ್ದ ಎಂದು ಬರೆದಿಟ್ಟಿದ್ದಾನೆ.

ಸೋಮೇಶ್ವರ ಮಲ್ಲವಿನೋದ ಬರೆದ ಅದೇ ಕಲ್ಯಾಣದಲ್ಲಿ, ಅದೇ ಶತಮಾನದಲ್ಲಿ, ಬಸವಣ್ಣನವರ ಕಾಲಕ್ಕೆ, ದೇವರ ಹಿಪ್ಪರಗಿಯಿಂದ ಬಂದ ಮಡಿವಾಳ ಮಾಚಿದೇವರು ಶರಣರ ಅರಿವೆ ಒಗೆದು ಮಡಿ ಮಾಡುತ್ತಿದ್ದರು. ಕಲ್ಯಾಣದಲ್ಲಿ ಗಲಭೆ ಎದ್ದು ಶರಣರು ಚದುರಿದಾಗ ವಚನದ ಕಟ್ಟುಗಳನ್ನು ಉಳಿಸುವುದಕ್ಕಾಗಿ ಬೆನ್ನಟ್ಟಿ ಬಂದ ದಂಡನ್ನು ತಡೆದು ನಿಂತವರು ಅವರೇ ಎಂದು ಶರಣ ಪರಂಪರೆ ಹೇಳುತ್ತದೆ. ಒಗೆಯುವವನ ರಟ್ಟೆಯಲ್ಲಿ ಎಂಥ ಕಸುವು ಇರುತ್ತದೆಂದು ಆ ಕಾಲದ ಜನರಿಗೂ ಗೊತ್ತಿತ್ತು. ಹಳಗನ್ನಡದಲ್ಲಿ ಅಸಗ ಎಂದಿದ್ದದ್ದು ಅಕ್ಷರ ಹಿಂದೆಮುಂದೆ ಆಗಿ ಅಗಸ ಆಯಿತು. ಮಡಿವಾಳ ಅಂದರೆ ಮಡಿ ಮಾಡುವವನು.

ಆದರೆ ಪಟ್ಟಿನ ಹೆಸರು ಧೋಬಿ ಎಂದು ಹಿಂದಿಯಲ್ಲಿ ಯಾಕೆ ಉಳಿಯಿತು? ಗರಡಿಯ ಮಾತುಗಳನ್ನು ಒಂದು ಸಲ ಎಣಿಸಿ ನೋಡಿರಿ. ಕುಸ್ತಿ, ಪೈಲ್ವಾನ ಇವು ಪಾರ್ಸಿಯಿಂದ ಬಂದವು. ತಾಲೀಮು ಅರಬ್ಬಿ, ಅಂದರೆ ಶಿಕ್ಷಣ. ಉಸ್ತಾದ ನಮ್ಮ ಬಾಯಲ್ಲಿ ವಸ್ತಾದ ಆದ. ಅಖಾಡ, ಲಂಗೋಟ, ಬೈಠಕ್, ದಂಡ ಎಲ್ಲ ಬಡಗಣದವು. ಗರಡಿ, ಪಟ್ಟು, ತೊಡೆ ತಟ್ಟು, ಮಣ್ಣು ಮುಕ್ಕಿಸು ಇವು ನಮ್ಮವು. ದಂಡಿನವರ ಜತೆಗೆ, ಊರೂರು ತಿರುಗುವ ಪೈಲ್ವಾನರ ಜತೆಗೆ ಪಟ್ಟು ಬಂತು, ಪಟ್ಟಿನ ಬೆನ್ನಿಗೆ ಹೆಸರೂ ಬಂತು. ನಮ್ಮ ಭಾಗಕ್ಕೆ ದೊಡ್ಡ ಬಾಗಿಲು ಕೊಲ್ಹಾಪುರ. 1894ರಿಂದ 1922ರ ತನಕ ಆಳಿದ ಶಾಹೂ ಮಹಾರಾಜರು ಕುಸ್ತಿಗೆ ಕೊಟ್ಟ ಆಶ್ರಯ ಎಲ್ಲರಿಗೂ ಗೊತ್ತಿದ್ದದ್ದೇ. ಅವರು ಕಟ್ಟಿಸಿದ ಖಾಸಬಾಗ ಮೈದಾನ 1912ರಲ್ಲಿ ಶುರುವಾಯಿತು. ಅಲ್ಲಿನ ಗಂಗಾವೇಸ, ಮೋತಿಬಾಗ ತಾಲೀಮುಗಳಿಗೆ ಬೆಳಗಾವಿ, ಬಾಗಲಕೋಟೆ ಕಡೆಯ ಹುಡುಗರು ರೊಟ್ಟಿ ಬುತ್ತಿ ಕಟ್ಟಿಕೊಂಡು ಹೋಗಿ ಕಲಿತು ಬಂದವರು. ಮನೆಯಲ್ಲಿ ಕನ್ನಡ, ತಾಲೀಮಿನಲ್ಲಿ ಮರಾಠಿ, ಪಟ್ಟಿಗೆ ಹಿಂದೂಸ್ತಾನಿ.

ಪಟ್ಟುಗಳ ಹೆಸರುಗಳೇ ಒಂದು ಸಂತೆ ಇದ್ದ ಹಾಗೆ. ಮುಲ್ತಾನಿ ಎಂಬುದು ಊರಿನ ಹೆಸರಿನಿಂದ ಬಂದದ್ದು. ಕೈಂಚಿ ಅಂದರೆ ಕತ್ತರಿ. ಮಚ್ಛಿ ಗೋತಾ ಅಂದರೆ ಮೀನು ಮುಳುಗು ಹಾಕಿದ ಹಾಗೆ. ಸವಾರಿ, ಬಗಲ್ ಡೂಬ್, ಕಲಾಜಂಗ್, ಢಾಕ್. ಧೋಬಿಯನ್ನೂ ಢಾಕನ್ನೂ ಹೊಸಬರು ಒಂದೇ ಅಂತ ತಿಳಿಯುತ್ತಾರೆ, ಅದು ತಪ್ಪು. ಢಾಕಿನಲ್ಲಿ ಎದುರಾಳಿಯ ತಲೆ ಕುತ್ತಿಗೆಗೆ ಕೈ ಬೀಳುತ್ತದೆ, ಧೋಬಿಯಲ್ಲಿ ಹಿಡಿತವೆಲ್ಲ ಒಂದು ಕೈಯ ಮೇಲೆ. ಕರಾಡ ಹತ್ತಿರದ ಗೋಳೇಶ್ವರದ ಖಾಶಾಬಾ ಜಾಧವರು ಢಾಕಿಗೆ ಹೆಸರಾದವರು. 1952ರಲ್ಲಿ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಕಂಚಿನ ಪದಕ ಗೆದ್ದರು. ಸ್ವತಂತ್ರ ಭಾರತಕ್ಕೆ ಒಬ್ಬನೇ ಆಟಗಾರ ತಂದ ಮೊದಲನೆಯ ಒಲಿಂಪಿಕ್ ಪದಕ ಅದು. ಅವರನ್ನು ಕಳಿಸಲು ದುಡ್ಡು ಸಾಲದಾದಾಗ ಅವರ ಕಾಲೇಜಿನ ಪ್ರಾಚಾರ್ಯರು ತಮ್ಮ ಮನೆಯನ್ನೇ ಒತ್ತಿ ಇಟ್ಟು 7000 ರೂಪಾಯಿ ಕೊಟ್ಟರು. ಸಾಲದ ಸಂಘ ನಡೆಸುವ ನಮಗೆ ಈ ಮಾತು ನೆನಪಿರಬೇಕು.

ಧೋಬಿಗೆ ಒಂದು ಕೊರತೆ ಇದೆ. ಎದುರಾಳಿ ನಿಂತಿರಬೇಕು. ನೆಲಕ್ಕೆ ಅಂಟಿಕೊಂಡವನಿಗೆ ಇದು ನಡೆಯುವುದಿಲ್ಲ, ಕಲ್ಲಿಗೆ ಹಾಸಿದ ಅರಿವೆಯನ್ನು ಯಾರೂ ಒಗೆಯಲು ಬರುವುದಿಲ್ಲವಲ್ಲ. 1910ರಲ್ಲಿ ಲಂಡನ್ನಿನಲ್ಲಿ ನಮ್ಮ ಗಾಮಾ ಪೈಲ್ವಾನರ ಎದುರಿಗೆ ಪೋಲೆಂಡಿನ ಜ್ಬಿಸ್ಕೊ ಎರಡೂವರೆ ತಾಸು ಮಾಡಿದ್ದು ಇದನ್ನೇ. ಹೊಟ್ಟೆಯ ಮೇಲೆ ಮಲಗಿ ನೆಲ ಹಿಡಿದ, ಬಿಡಲೇ ಇಲ್ಲ. ಕುಸ್ತಿ ಸಮ ಆಯಿತು. ಮುಂದೆ 1928ರಲ್ಲಿ ಪಟಿಯಾಲದಲ್ಲಿ ಇಬ್ಬರೂ ಮತ್ತೆ ಭೇಟಿಯಾದಾಗ ಗಾಮಾ ಅವನನ್ನು ಒಂದು ನಿಮಿಷದೊಳಗೆ ಕೆಡವಿದರು.

ಹೆಸರು ಗರಡಿಯಿಂದ ರಾಜಕಾರಣಕ್ಕೂ ಹೋಯಿತು. ಹಿಂದಿ ಪತ್ರಿಕೆಗಳಲ್ಲಿ ಚುನಾವಣೆ ಬಂತೆಂದರೆ ಇವರು ಅವರಿಗೆ ಧೋಬಿ ಪಛಾಡ್ ಹಾಕಿದರು ಎಂಬ ತಲೆಬರಹ ತಪ್ಪುವುದಿಲ್ಲ. 2022ರಲ್ಲಿ ತೀರಿಕೊಂಡ ಉತ್ತರ ಪ್ರದೇಶದ ಮುಲಾಯಂ ಸಿಂಗರು ಹುಡುಗರಿದ್ದಾಗ ಕುಸ್ತಿ ಹಿಡಿದವರು. ಅವರ ಚರಖಾ ಪಟ್ಟು ಹೆಸರಾಗಿತ್ತು, ಮುಂದೆ ಅವರ ರಾಜಕೀಯದ ಆಟಕ್ಕೂ ಜನ ಅದೇ ಹೆಸರಿಟ್ಟರು. 2016ರಲ್ಲಿ ಸುಲ್ತಾನ್ ಎಂಬ ಹಿಂದಿ ಸಿನಿಮಾ ಬಂದಮೇಲೆ ನಮ್ಮ ಹುಡುಗರ ಬಾಯಲ್ಲೂ ಧೋಬಿ ಪಛಾಡ್ ಕುಣಿಯಿತು. ಕ್ರೀಡಾ ಹಾಸ್ಟೆಲಿನಲ್ಲಿ ಮ್ಯಾಟ್ ಮೇಲೆ ಕಲಿತು ಬಂದವರು ಮಾತ್ರ ಆರ್ಮ್ ಥ್ರೋ ಅನ್ನುತ್ತಾರೆ. ಈಗಿನ ನಿಯಮದಂತೆ ನಿಂತವನನ್ನು ಹೀಗೆ ಒಗೆದು ಬೆನ್ನು ನೆಲಕ್ಕೆ ಕಾಣಿಸಿದರೆ 4 ಅಂಕ, ಎತ್ತರದಿಂದ ಹಾರಿಸಿ ಒಗೆದರೆ 5.

ಇಷ್ಟು ಹೊರಗಿನ ಚರಿತ್ರೆ. ಈಗ ನಮ್ಮೂರಿಗೆ ಬರುತ್ತೇನೆ.

ನನಗೆ ಈ ಪಟ್ಟು ಕಲಿಸಿದವರು ನಮ್ಮೂರಿನ ಮಡಿವಾಳರ ಮನೆತನದ ಹಿರಿಯರು. ಹೆಸರು ಹಾಕಬ್ಯಾಡ ಎಂದು ಅವರೇ ಹೇಳಿದ್ದರಿಂದ ವಸ್ತಾದರು ಎಂದಷ್ಟೇ ಬರೆಯುತ್ತೇನೆ. ಹಳಬರಿಗೆ ತಿಳಿಯುತ್ತದೆ. ನಾನು ಏಳನೇತ್ತೆ ಓದುವಾಗ ನಮ್ಮೂರ ಜಾತ್ರೆಯಲ್ಲಿ ಬೆಳ್ಳಿ ಕಡೆಯ ನಿಕಾಲಿ ಕುಸ್ತಿಗೆ ಅವರು ಇಳಿದರು. ಎದುರಿಗೆ ಪರಊರಿನ ಪೈಲ್ವಾನ, ಇವರಿಗಿಂತ ಗೇಣುದ್ದ ಎತ್ತರ. ಬಹಳ ಹೊತ್ತು ಕೈ ಕೈ ಹಿಡಿದು ತಿರುಗಿದರು. ಒಮ್ಮೆಲೇ ವಸ್ತಾದರು ತಿರುಗಿದ್ದು ಕಂಡಿತು, ಆ ದೊಡ್ಡ ಆಳು ಆಕಾಶದಲ್ಲಿ ಕಾಲು ಮಾಡಿದ್ದು ಕಂಡಿತು, ಧಪ್ ಅಂತ ಕೆಮ್ಮಣ್ಣು ಹಾರಿತು. ಧೋಬಿ ಪಛಾಡ್. ಅಂಥ ಒಗೆತ ಮುಂದೆ ನಾನು ಎಲ್ಲೂ ನೋಡಿಲ್ಲ.

ಮೈಕ್ ಹಿಡಿದವರೊಬ್ಬರು ಪಟ್ಟಿನ ಹೆಸರು ಹೇಳಿ ಬಿಡಬೇಕಿತ್ತು. "ಅಗಸರಂವ ಅರಿವಿ ಒಗದಂಗ ಒಗದಾ ನೋಡ್ರಿ! ನಾಳೆ ಮುಂಜಾನೆ ನಮ್ಮ ಧೋತರಾ ಒಗಿಯಾಕ ಬಾರಪಾ!" ಅಂದರು. ಮೈದಾನವೆಲ್ಲ ನಕ್ಕಿತು. ನಾವು ಹುಡುಗರು ಇಪ್ಪತ್ತು ಮೂವತ್ತು ಮಂದಿ ಅವರ ಬೆನ್ನು ಹತ್ತಿ ಓಣಿಯ ತನಕ "ಧೋಬಿ ಧೋಬಿ ಒಗಿ ಒಗಿ" ಅಂತ ಕೂಗುತ್ತ ಹೋದೆವು. ಎಲ್ಲರಿಗಿಂತ ಮುಂದಿನ ದನಿ ನನ್ನದೇ. ಹೊಗಳುತ್ತಿದ್ದೇವೆ ಅಂತಲೇ ತಿಳಿದಿದ್ದೆ ಎಂದು ಈಗ ಬರೆದರೆ ಅದು ಪೂರ್ತಿ ಖರೆ ಆಗುವುದಿಲ್ಲ. ಅವರು ಒಂದು ಸಲ ತಿರುಗಿ ನೋಡಿದರು. ಕೈಯಲ್ಲಿ ಕಡೆ ಇತ್ತು, ಮೈಮೇಲೆ ಮಣ್ಣಿತ್ತು. ಏನೂ ಅನ್ನಲಿಲ್ಲ.

ಮರುದಿನ ಮುಂಜಾನೆ ಅವರ ಮನೆಯವರು ಎಂದಿನ ಹಾಗೆ ನಮ್ಮ ಹಿತ್ತಲ ಬಾಗಿಲಿಗೆ ಬಂದು ಅರಿವೆಯ ಗಂಟು ಕಟ್ಟಿಕೊಂಡು ಹೋದರು. ಸುಗ್ಗಿಯಲ್ಲಿ ವಸ್ತಾದರು ನಮ್ಮ ಕಣಕ್ಕೆ ಆಯ ತೆಗೆದುಕೊಳ್ಳಲು ಬಂದರು. ಈಗಿನ ಮಕ್ಕಳಿಗೆ ಆಯ ಅಂದರೆ ಗೊತ್ತಿಲ್ಲ. ಬಡಿಗ, ಕಂಬಾರ, ಕ್ಷೌರಿಕ, ಮಡಿವಾಳ ಇವರೆಲ್ಲ ವರ್ಷಪೂರ್ತಿ ದುಡಿದು ಸುಗ್ಗಿಯಲ್ಲಿ ಕಣದ ಮೇಲೆ ಒಕ್ಕಲಿಗ ಅಳೆದು ಕೊಟ್ಟಷ್ಟು ಜೋಳ ತೆಗೆದುಕೊಂಡು ಹೋಗುವುದು ಆಯದ ಪದ್ಧತಿ. ನೂರಾರು ವರ್ಷದ ಪದ್ಧತಿ ಅದು, ಅವರೆಲ್ಲರಿಗೂ ಆಯಗಾರರು ಎಂದೇ ಹೆಸರು. ಕೊಟ್ಟಷ್ಟು ಎಂಬುದರಲ್ಲಿ ಎಲ್ಲವೂ ಬಂತು. ಜಾತ್ರೆಯಲ್ಲಿ ಬೆಳ್ಳಿ ಕಡೆ ಗೆದ್ದ ಕೈ ನಮ್ಮ ಕಣದಲ್ಲಿ ಚೀಲದ ಬಾಯಿ ಹಿಡಿದು ನಿಂತಿತ್ತು. ನಮ್ಮ ಅಮ್ಮ ಅವರನ್ನು ಏಕವಚನದಲ್ಲಿ ಕರೆಯುತ್ತಿದ್ದಳು. ಅವರಿಗಿಂತ ಇಪ್ಪತ್ತೈದು ವರ್ಷ ಚಿಕ್ಕವನಾದ ನಾನೂ ಹಾಗೇ ಕರೆಯುತ್ತಿದ್ದೆ.

ಆಮೇಲೆ ಅವರು ಜಾತ್ರೆ ಕುಸ್ತಿಗೆ ಇಳಿಯಲಿಲ್ಲ. ವಯಸ್ಸಾಯಿತು ಅಂತ ಊರವರು ತಿಳಿದರು. ಗರಡಿಗೆ ಮಾತ್ರ ಬರುತ್ತಿದ್ದರು. ಹೈಸ್ಕೂಲಿಗೆ ಬಂದಮೇಲೆ ನಾನೂ ಲಂಗೋಟ ಕಟ್ಟಿದೆ. ಗರಡಿಯ ಒಳಗೆ ನಾನು ಅವರಿಗೆ "ತಮ್ಮಾ", ಹೊಸ್ತಿಲು ದಾಟಿ ಓಣಿಗೆ ಬಂದರೆ "ಧಣ್ಯಾರ". ಒಬ್ಬನೇ ಮನುಷ್ಯನಿಗೆ ಒಂದು ಹೊಸ್ತಿಲಿನ ಆಚೆ ಈಚೆ ಎರಡು ಹೆಸರು ಎಂಬುದು ಆಗ ನನಗೆ ವಿಚಿತ್ರ ಅನ್ನಿಸಲಿಲ್ಲ.

ಅವರು ಕಲಿಸುತ್ತಿದ್ದ ರೀತಿಯೇ ಬೇರೆ. ಧೋಬಿ ಕಲಿಸುವ ಮೊದಲು ನಮ್ಮನ್ನು ಹಳ್ಳಕ್ಕೆ ಕರೆದುಕೊಂಡು ಹೋದರು. ನೀರಿನಲ್ಲಿ ನೆನೆಸಿದ ಒಂದು ಕೌದಿ ಕೊಟ್ಟು ಒಗೆಯಿರಿ ಅಂದರು. ಒದ್ದೆ ಕೌದಿಯ ಭಾರ ಎಂಥದ್ದೆಂದು ಹೆಣ್ಣುಮಕ್ಕಳನ್ನು ಕೇಳಿರಿ. ನಾನು ರಟ್ಟೆಯ ಬಲದಿಂದ ಎತ್ತಹೋಗಿ ಹಿಂದಕ್ಕೆ ಬಿದ್ದೆ. ಆಗ ಅವರು ಹೇಳಿದ ಮಾತು ಹಾಗೇ ಬರೆಯುತ್ತೇನೆ. "ರಟ್ಟಿಲೆ ಎತ್ತಬ್ಯಾಡ ತಮ್ಮಾ. ರಟ್ಟಿ ಬರೇ ಹಿಡಿಯಾಕ. ಎತ್ತೂದು ಟೊಂಕ. ಕೆಳಗ ಹೋಗು, ಅದರ ಕೆಳಗ ಹೋಗು. ಕೌದಿ ಬೆನ್ನಿಗೆ ಹತ್ತಿದ ಮ್ಯಾಲೆ ಬಾಗು. ಬಾಗುವಾಗ ಉಸರು ಬಿಡು." ಮಡಿವಾಳರು ಒಗೆಯುವಾಗ ಪ್ರತಿ ಏಟಿಗೂ ಬಾಯಿಂದ ಹುಶ್ ಅಂತ ಸಪ್ಪಳ ಮಾಡುತ್ತಾರಲ್ಲ, ಅದು ದಣಿವಿನ ಸಪ್ಪಳ ಅಲ್ಲ, ಉಸಿರಿನ ಲೆಕ್ಕ. ಎಂಟು ದಿನ ಕೌದಿ ಒಗೆದ ಮೇಲೆ ಗರಡಿಯಲ್ಲಿ ನನಗಿಂತ ಭಾರದ ಹುಡುಗನನ್ನು ಒಗೆದೆ. ಹೆಸರಿನಲ್ಲೇ ಪಾಠ ಇದೆ ಎಂದು ಮೇಲೆ ಬರೆದದ್ದು ಇದಕ್ಕೇ. ಆರ್ಮ್ ಥ್ರೋ ಅನ್ನುವ ಹುಡುಗ ಕೈಯನ್ನೇ ನೋಡುತ್ತಾನೆ, ಧೋಬಿ ಎಂದು ಕಲಿತವನು ಟೊಂಕ ನೋಡುತ್ತಾನೆ.

ನಮ್ಮ ಸಂಘ ಶುರುವಾದಾಗ ಮೊದಲ ವರ್ಷವೇ ಶೇರು ಹಾಕಿದವರಲ್ಲಿ ಅವರೂ ಒಬ್ಬರು. ಅರಿವೆ ಒಗೆಯುವ ಆಯ ಹೊತ್ತಿಗೆ ನಿಂತೇ ಹೋಗಿತ್ತು, ಮನೆಮನೆಗೆ ವಾಷಿಂಗ್ ಮಶೀನು ಬರತೊಡಗಿದ್ದವು. ಕೆಲವು ವರ್ಷದ ಹಿಂದೆ ಅವರ ಮಗ ಪೇಟೆಯಲ್ಲಿ ಇಸ್ತ್ರಿ ಅಂಗಡಿ ಹಾಕಲು ಸಾಲದ ಅರ್ಜಿ ಕೊಟ್ಟ, ತಂದೆಯೇ ಜಾಮೀನು. ನಾನು ಆಗ ಸಾಲ ಉಪಸಮಿತಿಯಲ್ಲಿದ್ದೆ. ಜಾಮೀನುದಾರರ ಫಾರ್ಮಿನಲ್ಲಿ ಉದ್ಯೋಗ ಎಂಬಲ್ಲಿ ಗುಮಾಸ್ತರು ಧೋಬಿ ಎಂದು ಬರೆದಿದ್ದರು. ಸಹಿ ಹಾಕುವ ಮುಂಚೆ ವಸ್ತಾದರು ಆ ಅಕ್ಷರದ ಮೇಲೆ ಬೆರಳಿಟ್ಟು ಬಹಳ ಹೊತ್ತು ಕುಳಿತರು. ನನಗೆ ಜಾತ್ರೆಯ ದಿನ ನೆನಪಾಯಿತು. ಗುಮಾಸ್ತರು ಹೊರಗೆ ಹೋದಮೇಲೆ ಕೇಳಿದೆ, "ವಸ್ತಾದರ, ನೀವು ಆ ವರ್ಷದಿಂದ ಕುಸ್ತಿ ಬಿಟ್ಟದ್ದು ಯಾಕ್ರಿ?"

"ಕುಸ್ತಿ ಎಲ್ಲಿ ಬಿಟ್ಟೆ? ಮಂದಿ ಮುಂದ ಹಿಡಿಯೂದು ಬಿಟ್ಟೆ" ಅಂದರು. ಸ್ವಲ್ಪ ಹೊತ್ತಾದ ಮೇಲೆ ಹೇಳಿದರು, "ಕೊಲ್ಹಾಪುರದಾಗ ಇದ ಪಟ್ಟು ಹಾಕಿದ್ರ ಮಂದಿ ಫೇಟಾ ಸುತ್ತತಿದ್ರು. ಅಲ್ಲಿ ಧೋಬಿ ಅಂದ್ರ ಪಟ್ಟಿನ ಹೆಸರು. ನಮ್ಮೂರಾಗ ಧೋಬಿ ಅಂದ್ರ ನಾನು."

ಆ ದಿನ ಬೆನ್ನ ಹಿಂದೆ ಕೂಗಿದವರಲ್ಲಿ ನಾನೂ ಇದ್ದೆ ಎಂದು ಹೇಳಿದೆ. "ಗೊತ್ತೈತಿ. ನಿನ್ನ ದನಿ ಈಗೂ ಹಂಗ ಐತಿ" ಅಂದರು. ಅಷ್ಟೇ. ನಾನು ಕ್ಷಮೆ ಕೇಳಿದ್ದಕ್ಕೆ ಅವರು ಆಯ್ತು ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ. ಓದುವವರು ಇದನ್ನು ಬೇರೆ ರೀತಿ ತಿಳಿಯಬಾರದೆಂದು ಇದ್ದದ್ದು ಇದ್ದ ಹಾಗೆ ಬರೆದಿದ್ದೇನೆ. ಉದ್ಯೋಗದ ಜಾಗದಲ್ಲಿ ಏನು ಬರೆಯೋಣ ಅಂತ ಕೇಳಿದೆ. ಧೋಬಿ ತೆಗೆದು ಕುಸ್ತಿ ವಸ್ತಾದ ಎಂದು ಬರೆಸುತ್ತಾರೆಂದು ತಿಳಿದಿದ್ದೆ. "ಅರಿವಿ ಒಗದ ಕೈಲೆನ ಪೈಲ್ವಾನರ್ನ ಒಗದೀನಿ. ಎರಡೂ ಬರಿ" ಅಂದರು. ಮಡಿವಾಳ ವೃತ್ತಿ ಮತ್ತು ಕುಸ್ತಿ ವಸ್ತಾದ ಎಂದು ನಾನೇ ಬರೆದೆ. ಸಾಲ ಮಂಜೂರಾಯಿತು, ಒಂದು ಕಂತೂ ತಪ್ಪದೆ ಮುಟ್ಟಿತು.

ಈ ಹೆಸರನ್ನೇ ಬಿಟ್ಟುಬಿಡಬೇಕು, ಜಾತಿಯ ಹೆಸರು ಅದು ಎಂದು ಜಾತ್ರಾ ಕಮಿಟಿಯಲ್ಲಿ ಒಬ್ಬ ಕಾಲೇಜು ಹುಡುಗ ಹೇಳಿದ. ಅವನ ಮಾತಿನಲ್ಲಿ ಹುರುಳಿಲ್ಲ ಅಂತ ನಾನು ಅನ್ನಲಾರೆ. ಆದರೆ ನಾನು ವಸ್ತಾದರನ್ನೇ ಕೇಳೋಣ ಅಂದೆ. ಅವರು, "ಪಟ್ಟಿಗೆ ಧೋಬಿ ಅನ್ರಿ, ಮನಷ್ಯಾಗ ಹೆಸರ ಹಿಡಿದು ಕರೀರಿ" ಅಂದರು. ಅದರಂತೆ ಹೋದ ವರ್ಷದ ಜಾತ್ರೆಯಿಂದ ಮೈಕಿನಲ್ಲಿ ಪೈಲ್ವಾನನ ಹೆಸರು, ಊರು, ವಸ್ತಾದರ ಹೆಸರು, ಪಟ್ಟಿನ ಹೆಸರು ಇಷ್ಟನ್ನೇ ಹೇಳುತ್ತಾರೆ. ಬೇರೆ ಚೇಷ್ಟೆ ಮಾತು ಆಡಿದರೆ ಮೈಕ್ ಬಂದ್ ಎಂದು ಕಮಿಟಿಯವರು ಠರಾವು ಮಾಡಿದ್ದಾರೆ.

ಗರಡಿಯ ಮೇಲ್ಮುದ್ದೆ ಬಿದ್ದು ಮೂರು ಮಳೆಗಾಲ ಸೋರುತ್ತಿತ್ತು. ಕಳೆದ ವರ್ಷದ ಲಾಭದಲ್ಲಿ ಸಾರ್ವಜನಿಕ ಕೆಲಸಕ್ಕೆ ತೆಗೆದಿಟ್ಟ ಹಣದಿಂದ ನಮ್ಮ ಸಂಘ ತಗಡು ಹಾಕಿಸಿಕೊಟ್ಟಿದೆ. ಕೆಮ್ಮಣ್ಣು ಹೊಸದು ತಂದು ಎಣ್ಣೆ, ಮಜ್ಜಿಗೆ, ಅರಿಷಿಣ, ಲಿಂಬೆರಸ ಹಾಕಿ ಹದ ಮಾಡಿದ್ದಾರೆ. ವಸ್ತಾದರಿಗೆ ಈಗ ಎಪ್ಪತ್ತು ದಾಟಿದೆ, ಮೊಣಕಾಲು ನೋವಿದೆ, ಕಣಕ್ಕೆ ಇಳಿಯುವುದಿಲ್ಲ. ದಂಡೆಯ ಮೇಲೆ ಕುರ್ಚಿ ಹಾಕಿಕೊಂಡು ಕೂತು ಏಳೆಂಟು ಹುಡುಗರಿಗೂ ಇಬ್ಬರು ಹುಡುಗಿಯರಿಗೂ ಹೇಳಿಕೊಡುತ್ತಾರೆ. ಆ ಹುಡುಗಿಯರಲ್ಲಿ ಒಬ್ಬಳು ಅವರ ಮೊಮ್ಮಗಳು. ಹಳ್ಳದಲ್ಲಿ ನೀರಿಲ್ಲದ್ದರಿಂದ ಗರಡಿಯ ಹಿಂದಿನ ನಳದ ಹತ್ತಿರ ಒಂದು ಕಲ್ಲು ಹಾಕಿಸಿದ್ದಾರೆ, ಕೌದಿ ಮಾತ್ರ ನಮ್ಮ ಮನೆಯದು. ನೋಡಬೇಕೆನ್ನುವವರು ಸೋಮವಾರ ಬಿಟ್ಟು ಯಾವತ್ತಾದರೂ ಸಂಜೆ ಐದೂವರೆಗೆ ಬರಬಹುದು. ಚಪ್ಪಲಿ ಹೊರಗೆ ಬಿಟ್ಟು ಬರಬೇಕು.